ವಿರಜಾ ಮೇಡಂ ಮತ್ತು ನಾಲ್ಕು ದಿನದ ರಜಾ

ಇಷ್ಟಕ್ಕೆಲ್ಲ ಕಾರಣ ಒಂದು ನಾಮಫಲಕ. ಹಾಸಿಗೆ ಕಂಪನಿಯ ಆಫೀಸಿಗೆ ಬೆಳಗ್ಗೆಯೇ ಬಡಗಿ ಬಂದು, ಮ್ಯಾನೇಜರ್ ಕೋಣೆಯ ಬಾಗಿಲಿಗೆ ಅದನ್ನು ಹೊಡೆದು ಹೋದ. ಹಳೆಯ ಮ್ಯಾನೇಜರಿಗೆ ವರ್ಗವಾಗಿತ್ತು. ಹೊಸಬರು ಮಧ್ಯಾಹ್ನದ ಹೊತ್ತಿಗೆ ಬರುವವರಿದ್ದರು. ಫಲಕದ ಮೇಲೆ ದಪ್ಪ ಅಕ್ಷರದಲ್ಲಿ ಒಂದೇ ಒಂದು ಹೆಸರಿತ್ತು: ವಿರಜಾ.

ಹೆಡ್ ಕ್ಲರ್ಕ್ ಕನ್ನಡಕವನ್ನು ಹಣೆಗೇರಿಸಿ ಅದನ್ನು ಓದಿದರು. ಕೆಳಗಿಳಿಸಿ ಇನ್ನೊಮ್ಮೆ ಓದಿದರು. ಆಮೇಲೆ ಮೆಲ್ಲಗೆ ದಿಂಬಣ್ಣನ ಮೇಜಿನ ಹತ್ತಿರ ಬಂದು, ಸಾವಿನ ಮನೆಯಲ್ಲಿ ಇಡುವ ಹಾಗೆ ಅವನ ಹೆಗಲ ಮೇಲೆ ಕೈಯಿಟ್ಟರು.

"ನಿಮ್ಮ ರಜಾ ಕತೆ ಮುಗೀತು ಕಣ್ರೀ," ಅಂದರು.

ದಿಂಬಣ್ಣ ಆ ಆಫೀಸಿನ ಗುಮಾಸ್ತ. ಯಾವ ಹಾಸಿಗೆ ಯಾವ ಲಾರಿ ಹತ್ತಿ ಎಲ್ಲಿಗೆ ಹೋಗಬೇಕೆಂದು ನೋಡಿಕೊಳ್ಳುವುದು ಅವನ ಕೆಲಸ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಯಾರು ಬೇಕಾದರೂ ಒರಗಬಹುದಾದ, ಎಷ್ಟು ಒತ್ತಿದರೂ ಸದ್ದಿಲ್ಲದೆ ತಗ್ಗುವ ಆಸಾಮಿಗೆ ಹಾಸಿಗೆ ಕಂಪನಿಯವರು ಇನ್ನೇನು ತಾನೇ ಹೆಸರಿಟ್ಟಾರು? ಪಕ್ಕದ ಮೇಜುಗಳ ಕೆಲಸ ಅವನ ಮೇಜಿಗೆ ಬರುತ್ತಿತ್ತು, ಅವನ ರಜಾ ಪಕ್ಕದ ಮೇಜುಗಳಿಗೆ ಹೋಗುತ್ತಿತ್ತು. ಹೀಗೇ ವರ್ಷಗಟ್ಟಲೆ ನಡೆದು ಬಂದಿತ್ತು.

ಈ ಸಲ ಮಾತ್ರ ಹಾಗಾಗುವಂತಿರಲಿಲ್ಲ. ಸಮುದ್ರ ತೋರಿಸುತ್ತೇನೆ ಎಂದು ಅವನು ಮಗಳಿಗೆ ಮಾತು ಕೊಟ್ಟಾಗ ಅವಳಿಗಿನ್ನೂ ಮಾತೇ ಬರುತ್ತಿರಲಿಲ್ಲ. ಈಗ ಅವಳು ಎರಡನೇ ಕ್ಲಾಸು. ಮಾತು ಬರುವುದಿರಲಿ, ಲಾಯರಿನ ಹಾಗೆ ಪಾಟೀಸವಾಲು ಮಾಡುತ್ತಾಳೆ. ನಾಳೆ ಬೆಳಗ್ಗೆ ಬಸ್ಸು. ಮೂರು ಸೀಟು, ದಂಡೆಯ ಮೇಲೊಂದು ಕೋಣೆ, ನಾಲ್ಕು ದಿನ. ಹಳೆಯ ಮ್ಯಾನೇಜರ್ "ಹೋಗ್ಬನ್ನಿ, ಅದಕ್ಕೇನಂತೆ" ಎಂದು ಬಾಯಿಮಾತಲ್ಲಿ ಹೇಳಿ, ಸಹಿ ಹಾಕುವ ಮೊದಲೇ ಗಂಟುಮೂಟೆ ಕಟ್ಟಿಬಿಟ್ಟಿದ್ದರು. ಸಂಜೆಯೊಳಗೆ ಹೊಸಬರು ಒಪ್ಪದಿದ್ದರೆ ಎಲ್ಲ ನೀರುಪಾಲು. ಮನೆಯಿಂದ ಹೊರಡುವಾಗ ಹೆಂಡತಿ ಕೂಗಾಡಿರಲಿಲ್ಲ, ಮೆತ್ತಗೆ ಹೇಳಿದ್ದಳು: "ರೀ, ರಜಾ ಸಿಗಲಿಲ್ಲ ಅಂದ್ರೆ ಪುಟ್ಟಿಗೆ ನೀವೇ ಹೇಳಿ. ನನ್ನ ಕೈಲಾಗಲ್ಲ." ಆ ಮೆತ್ತನೆಯ ದನಿಯೇ ದಿಂಬಣ್ಣನಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತ್ತು.

"ಯಾಕೆ ಪಂಡಿತರೇ? ಅವರ ಹೆಸರಿಗೂ ನನ್ನ ರಜಾಕ್ಕೂ ಏನು ಸಂಬಂಧ?" ಎಂದು ಕೇಳಿದ. ಎಲ್ಲಿ ಹೋದರೂ ವ್ಯಾಕರಣವನ್ನು ಜೇಬಿನಲ್ಲಿಟ್ಟುಕೊಂಡೇ ಹೋಗುತ್ತಿದ್ದ ಹೆಡ್ ಕ್ಲರ್ಕಿಗೆ ಆಫೀಸಿನಲ್ಲಿ ಪಂಡಿತರು ಎಂದೇ ಹೆಸರು.

"ಹೆಸರಲ್ಲೇ ಇದೆಯಲ್ರೀ ಎಲ್ಲ. ವಿಫಲ ಅಂದ್ರೆ ಫಲ ಇಲ್ಲದ್ದು. ವಿರಸ ಅಂದ್ರೆ ರಸ ಇಲ್ಲದ್ದು. ವಿವಸ್ತ್ರ ಅಂದ್ರೆ..." ಟೈಪಿಸ್ಟಕ್ಕ ಜೋರಾಗಿ ಕೆಮ್ಮಿದ್ದರಿಂದ ಪಂಡಿತರು ಆ ಉದಾಹರಣೆಯನ್ನು ಅಲ್ಲಿಗೇ ಬಿಟ್ಟರು. "ಒಟ್ನಲ್ಲಿ 'ವಿ' ಬಂತು ಅಂದ್ರೆ ಇಲ್ಲ ಅಂತ ಲೆಕ್ಕ. ವಿರಜಾ ಅಂದ್ರೆ ರಜಾ ಇಲ್ಲದವಳು. ತಾನೂ ತಗೊಳ್ಳಲ್ಲ, ಇನ್ನೊಬ್ಬರಿಗೂ ಕೊಡಲ್ಲ. ತೊಟ್ಟಿಲಲ್ಲೇ ತೀರ್ಮಾನ ಆಗಿಹೋಗಿದೆ."

ಸ್ಟೋರ್‌ಕೀಪರ್ ಬೀಗದ ಕೈ ಗೊಂಚಲು ಕುಲುಕುತ್ತ ಬಂದ. ಪಂಡಿತರು ಹೌದು ಅಂದದ್ದನ್ನು ಅಲ್ಲ ಅನ್ನುವುದು ಅವನಿಗೆ ಕಾಫಿಗಿಂತ ಹೆಚ್ಚಿನ ಚಟ.

"ಹಂಗಾದ್ರೆ ವಿಜ್ಞಾನ ಅಂದ್ರೆ ಜ್ಞಾನ ಇಲ್ಲದ್ದಾ ಪಂಡಿತರೇ? ವಿಖ್ಯಾತ ಅಂದ್ರೆ ಯಾರಿಗೂ ಗೊತ್ತಿಲ್ಲದವನಾ?"

"ಅದು ಬೇರೆ 'ವಿ'."

"ಅದೇ ನಾನು ಹೇಳೋದು. ಆ 'ವಿ' ಅಂದ್ರೆ ವಿಶೇಷ. ವಿರಜಾ ಅಂದ್ರೆ ವಿಶೇಷವಾದ ರಜಾ. ದಿಂಬಣ್ಣ, ನೀವು ನಾಲ್ಕು ದಿನ ಕೇಳಿ, ಆಯಮ್ಮ ಎಂಟು ದಿನ ಕೊಡ್ತಾರೆ."

ಇಬ್ಬರಿಗೂ ಹತ್ತಿಕೊಂಡಿತು. ದಿಂಬಣ್ಣನ ನಾಲ್ಕು ದಿನದ ರಜಾ ಒಂದು ಉಪಸರ್ಗದ ತುದಿಯಲ್ಲಿ ಜೋತಾಡತೊಡಗಿತು. ವಿಫಲ ಅಂದಾಗ ಅವನ ಮುಖ ಬಾಡುತ್ತಿತ್ತು, ವಿಖ್ಯಾತ ಅಂದಾಗ ಅರಳುತ್ತಿತ್ತು. ಕೊನೆಗೆ ಟೈಪಿಸ್ಟಕ್ಕ ಕುರ್ಚಿ ತಿರುಗಿಸಿ, "ಸುಮ್ನೆ ಯಾಕೆ ಜಗಳ? ಸಂಜೆ ಸ್ವಾಗತದ ಟೀ ಇದೆ. ಅಲ್ಲಿ ಒಬ್ಬರು ಎದ್ದು ನಿಂತು ಮೇಡಂ ಹೆಸರಿನ ಅರ್ಥ ಹೇಳಿ ಹೊಗಳಿದ್ರೆ ಆಯ್ತು. ತಮ್ಮ ಹೆಸರು ಹೊಗಳಿಸಿಕೊಂಡು ಇಲ್ಲ ಅನ್ನೋರು ಯಾರಿದಾರೆ? ಯಾರಿಗೆ ರಜಾ ಬೇಕೋ ಅವರೇ ಮಾತಾಡ್ಲಿ," ಅಂದಳು.

ಮೂರು ಜೊತೆ ಕಣ್ಣು ದಿಂಬಣ್ಣನ ಮೇಲೆ ಬಿದ್ದವು. ಅವನು ಜನ್ಮದಲ್ಲಿ ಭಾಷಣ ಮಾಡಿದವನಲ್ಲ. ಆದರೂ ಎಂದಿನಂತೆ ತಗ್ಗಿದ.

ಸರಿಯಾದ ಅರ್ಥ ತಿಳಿಯಲು ಅವನು ಮೂಲೆಗೆ ಹೋಗಿ ಹೆಂಡತಿಗೆ ಫೋನ್ ಮಾಡಿದ. ಅವಳು ಬಟ್ಟೆ ಮಡಚಿ ಚೀಲಕ್ಕೆ ತುಂಬುತ್ತಿದ್ದಳು.

"ವಿರಜಾನಾ? ನಮ್ಮ ಸ್ಕೂಲಲ್ಲಿ ಒಬ್ಬಳಿದ್ಲು. ಚೆನ್ನಾಗಿ ನೆನಪಿದೆ. ರಜ ಅಂದ್ರೆ ಧೂಳು, ಸಂಸ್ಕೃತದಲ್ಲಿ. ವಿರಜಾ ಅಂದ್ರೆ ಧೂಳಿಲ್ಲದವಳು, ಕೊಳೆ ಇಲ್ಲದವಳು, ನಿರ್ಮಲವಾದವಳು ಅಂತ ಟೀಚರ್ ಹೇಳಿದ್ರು. ಅವಳಂತೂ ದಿನಾ ಮೂಗು ಸೋರಿಸ್ಕೊಂಡೇ ಬರ್ತಿದ್ಲು, ಅದು ಬೇರೆ ಮಾತು. ಯಾಕ್ರೀ, ರಜಾ ಏನಾಯ್ತು?"

"ಅದನ್ನೇ ನೋಡ್ತಾ ಇದ್ದೀನಿ," ಎಂದು ದಿಂಬಣ್ಣ ಫೋನ್ ಇಟ್ಟ. ಜೀವ ಬಂದಂತಾಗಿತ್ತು. ರಜಾ ಅಲ್ಲ, ರಜ! ಈ ಇಬ್ಬರು ಮಹಾನುಭಾವರು ಬೆಳಗ್ಗಿನಿಂದ ಕಾದಾಡಿದ್ದು ಬರೀ ಧೂಳಿನ ಮೇಲೆ.

ಸುದ್ದಿ ಕೇಳಿ ಪಂಡಿತರು ಸೋಲೊಪ್ಪಲಿಲ್ಲ. "ನಾನೂ ಅದನ್ನೇ ಹೇಳೋಣ ಅಂತಿದ್ದೆ," ಎಂದು ಗಂಟಲು ಸರಿಮಾಡಿಕೊಂಡರು. "ಆದ್ರೆ ಇದು ಇನ್ನೂ ಕಷ್ಟ. ಧೂಳಿಲ್ಲದವರು ಅಂದ್ರೆ ಧೂಳು ಕಂಡ್ರೆ ಆಗದವರು. ಆ ಕೋಣೆ ನೋಡಿದೀರಾ? ಅದೊಂದು ಹತ್ತಿಯ ಗೋದಾಮು. ಆಯಮ್ಮ ಮೊದಲ ಹೆಜ್ಜೆ ಇಟ್ಟ ಕೂಡ್ಲೇ ಮೂಡ್ ಹೋಗತ್ತೆ. ಮೂಡ್ ಹೋದ ಮೇಲೆ ಯಾವ ರಜಾ, ಎಲ್ಲಿಯ ರಜಾ?"

ಮಾತು ನಿಜವಾಗಿತ್ತು. ಗೋಡೆಯಾಚೆ ಹತ್ತಿ ಹಿಂಜುವ ಯಂತ್ರ ಹಗಲೆಲ್ಲ ತಿರುಗುತ್ತಿತ್ತು. ಅದರ ನವಿರಾದ ಧೂಳು ಸಂದುಗೊಂದಿನಿಂದ ತೂರಿ ಬಂದು ಕುರ್ಚಿ, ಮೇಜು, ಫೋನು, ಕೊನೆಗೆ ಗೋಡೆಯ ಗಡಿಯಾರದ ಮುಳ್ಳಿನ ಮೇಲೂ ಕೂತಿತ್ತು. ದಿಂಬಣ್ಣ ಪೊರಕೆ ಹಿಡಿದು ಗುಡಿಸಿದ. ಧೂಳು ಎದ್ದು, ಕೋಣೆಯಲ್ಲೆಲ್ಲ ಅಡ್ಡಾಡಿ, ಮತ್ತೆ ತನ್ನ ತನ್ನ ಜಾಗದಲ್ಲಿ ಕೂತಿತು. ಒದ್ದೆ ಬಟ್ಟೆಯಲ್ಲಿ ಒರೆಸಿದ. ಮೇಜಿಗೆ ಬೆಕ್ಕಿನ ಹಾಗೆ ರೋಮ ಬಂತು.

"ಕಾರ್ಖಾನೆ ಮೆಷಿನ್ ತಗೊಂಬನ್ನಿ," ಎಂದು ಸ್ಟೋರ್‌ಕೀಪರ್ ಬಾಗಿಲಲ್ಲಿ ನಿಂತು ಸಲಹೆ ಕೊಟ್ಟ. ಹಿಂಜುವ ಕೋಣೆಯ ನೆಲದಿಂದ ಹತ್ತಿಯ ಧೂಳು ಹೀರಲು ಅಲ್ಲೊಂದು ದೊಡ್ಡ ಯಂತ್ರವಿತ್ತು. ಆನೆಯ ಸೊಂಡಿಲಿನಂಥ ಕೊಳವೆ, ಹಿಂದೆ ಉಬ್ಬಿದ ಚೀಲ. ದಿಂಬಣ್ಣ ಅದನ್ನು ತಳ್ಳಿಕೊಂಡು ಬಂದ. ಅದರ ಗುಂಡಿಯನ್ನು ಒಂದು ಕಡೆ ತಿರುಗಿಸಿದರೆ ಹೀರುತ್ತದೆ. ಕೊಳವೆ ಕಟ್ಟಿಕೊಂಡರೆ ಬಿಡಿಸಲೆಂದು ಇನ್ನೊಂದು ಕಡೆ ತಿರುಗಿಸಿದರೆ ಊದುತ್ತದೆ.

"ಯಾವ ಕಡೆ ತಿರುಗಿಸ್ಲಿ?" ಎಂದು ಕೇಳಿದ.

"ಬಲಕ್ಕೆ," ಅಂದ ಸ್ಟೋರ್‌ಕೀಪರ್.

"ಎಡಕ್ಕೆ," ಅಂದರು ಪಂಡಿತರು.

ದಿಂಬಣ್ಣ ಹಿರಿಯರ ಮಾತಿಗೆ ಬೆಲೆ ಕೊಟ್ಟ. ಯಂತ್ರ ಒಮ್ಮೆ ಗೊರ್ ಎಂದಿತು. ಆ ವಾರವೆಲ್ಲ ನುಂಗಿದ್ದ ಹತ್ತಿಯ ಧೂಳು ಸೊಂಡಿಲಿನಿಂದ ಒಂದೇ ಉಸಿರಿಗೆ ಹೊರಬಿತ್ತು. ಕೋಣೆಯೊಳಗೆ ಮೋಡ ಇಳಿದಂತಾಯಿತು. ಕೊಳವೆ ಅವನ ಕೈಯಿಂದ ಜಾರಿ ಹಾವಿನಂತೆ ಹೊರಳಾಡಿ, ಬಾಗಿಲಿನ ಕಡೆ ಬಾಯಿ ತೆರೆದು ನಿಂತಿತು. ಸರಿಯಾಗಿ ಅದೇ ಹೊತ್ತಿಗೆ ಬಾಗಿಲಲ್ಲಿ ಯಾರೋ ಕಾಣಿಸಿಕೊಂಡರು. ಕಪ್ಪು ಸೀರೆ, ಕೈಯಲ್ಲಿ ಚರ್ಮದ ಚೀಲ. ಕಣ್ಣು ಮಿಟುಕಿಸುವಷ್ಟರಲ್ಲಿ ಸೀರೆ ಬೆಳ್ಳಗಾಯಿತು, ಚೀಲ ಬೆಳ್ಳಗಾಯಿತು, ಹುಬ್ಬೂ ಬೆಳ್ಳಗಾಯಿತು.

ದಿಂಬಣ್ಣ ಹೇಗೋ ಗುಂಡಿ ತಡಕಿ ಯಂತ್ರ ನಿಲ್ಲಿಸಿದ. ಬಾಗಿಲಲ್ಲಿದ್ದ ಬಿಳಿ ಆಕೃತಿ ಒಮ್ಮೆ ಸೀನಿತು.

"ನಾನು ವಿರಜಾ," ಎಂದಿತು. "ಹೊಸ ಮ್ಯಾನೇಜರ್."

ಸ್ಟೋರ್‌ಕೀಪರಿಗೆ ಆ ಕ್ಷಣವೇ ಉಗ್ರಾಣದಲ್ಲಿ ಏನೋ ಕೆಲಸ ನೆನಪಾಯಿತು. ಪಂಡಿತರಿಗೆ ಯಾರೋ ಕರೆದಂತಾಯಿತು. ದಿಂಬಣ್ಣ ಒಬ್ಬನೇ ಸೊಂಡಿಲು ಹಿಡಿದುಕೊಂಡು ನಿಂತಿದ್ದ.

ಸಂಜೆಯ ಟೀ ಹೊತ್ತಿಗೆ ಮೇಡಂ ಮುಖ ತೊಳೆದು ಸೀರೆ ಕೊಡವಿಕೊಂಡಿದ್ದರು. ಆದರೂ ತಲೆಗೂದಲಲ್ಲಿ ಒಂದೆರಡು ಎಳೆ ಹತ್ತಿ ಉಳಿದಿತ್ತು, ಸೀನು ನಿಂತಿರಲಿಲ್ಲ. ಬಿಸ್ಕತ್ತಿನ ತಟ್ಟೆ ಒಂದು ಸುತ್ತು ಬಂದ ಮೇಲೆ ಪಂಡಿತರು ಎದ್ದು, ಮೇಡಂ ಹೆಸರಿನ ಬಗ್ಗೆ ಆಳವಾಗಿ ಅಧ್ಯಯನ ಮಾಡಿರುವ ನಮ್ಮ ಗುಮಾಸ್ತರು ಈಗ ಎರಡು ಮಾತಾಡುತ್ತಾರೆ ಎಂದು ಹೇಳಿ ಕೂತರು. ಬೇಡ ಎಂದು ದಿಂಬಣ್ಣ ಕಣ್ಣಲ್ಲೇ ಗೋಗರೆದದ್ದನ್ನು ಅವರು ಕಂಡರೂ ಕಾಣದಂತಿದ್ದರು.

ದಿಂಬಣ್ಣ ಎದ್ದು ನಿಂತ. "ಮಾನ್ಯ ಮೇಡಂ ಅವರೇ. ಹೆಸರು ಅಂದ್ರೆ ಸುಮ್ನೆ ಅಲ್ಲ. ಅದಕ್ಕೊಂದು ಅರ್ಥ ಇರತ್ತೆ, ಮೂಲ ಇರತ್ತೆ. ವಿರಜಾ ಅಂದ್ರೆ ಸಂಸ್ಕೃತದಲ್ಲಿ ಧೂ..."

ಮೇಡಂ ಸೀನಿದರು. ತಲೆಯಿಂದ ಒಂದು ಎಳೆ ಹತ್ತಿ ಮೇಲೆದ್ದು, ಸಾವಕಾಶವಾಗಿ ತೇಲಿ ಬಂದು, ಅವರ ಟೀ ಲೋಟದೊಳಗೆ ಇಳಿಯಿತು. ಎಲ್ಲರೂ ಅದನ್ನೇ ನೋಡಿದರು.

ಧೂಳಿಲ್ಲದವರು ಎಂದು ಈಗ ಹೇಳಿದರೆ ಕೆಲಸವೂ ಇಲ್ಲದವನಾಗುತ್ತೇನೆ ಎಂದು ದಿಂಬಣ್ಣನಿಗೆ ಹೊಳೆಯಿತು. ರಜಾ ಇಲ್ಲದವರು ಎನ್ನುವುದಂತೂ ತನ್ನ ಕಾಲಿಗೆ ತಾನೇ ಕೊಡಲಿ ಹಾಕಿಕೊಂಡ ಹಾಗೆ. ಉಳಿದಿದ್ದು ಸ್ಟೋರ್‌ಕೀಪರನ ಅರ್ಥ ಒಂದೇ.

"...ಧೂಮಧಾಮಾಗಿ, ಅಂದ್ರೆ ವಿಶೇಷವಾಗಿ, ಅಂತ. ವಿಜ್ಞಾನ ಅಂದ್ರೆ ವಿಶೇಷ ಜ್ಞಾನ. ವಿಖ್ಯಾತ ಅಂದ್ರೆ ವಿಶೇಷ ಖ್ಯಾತಿ. ಹಾಗೇ ವಿರಜಾ ಅಂದ್ರೆ..." ಕಣ್ಣು ಮುಚ್ಚಿಕೊಂಡ. "ವಿಶೇಷವಾದ ರಜಾ, ಮೇಡಂ."

ಯಾರೂ ನಗಲಿಲ್ಲ, ಅದೇ ದೊಡ್ಡ ಹಿಂಸೆಯಾಯಿತು. ಮೇಡಂ ಲೋಟ ಕೆಳಗಿಟ್ಟು ಅವನನ್ನು ದಿಟ್ಟಿಸಿ ನೋಡಿದರು. "ನೀವು ಸ್ವಲ್ಪ ನನ್ನ ಕೋಣೆಗೆ ಬನ್ನಿ," ಎಂದು ಎದ್ದು ಹೋದರು.

ಕೋಣೆಯಲ್ಲಿ ಹತ್ತಿ ಇನ್ನೂ ತೇಲುತ್ತಿತ್ತು. ದಿಂಬಣ್ಣ ಬಾಗಿಲ ಹತ್ತಿರವೇ ನಿಂತ. ಪುಟ್ಟಿಗೆ ಹೇಗೆ ಹೇಳುವುದೆಂದು ಮನಸ್ಸಿನಲ್ಲೇ ವಾಕ್ಯ ಜೋಡಿಸುತ್ತಿದ್ದ, ಒಂದೂ ಕೂಡಿಬರಲಿಲ್ಲ.

"ಆ ಅರ್ಥ ನಿಮಗೆ ಯಾರು ಹೇಳಿದ್ರು?" ಎಂದರು ಮೇಡಂ.

"ತಪ್ಪಾಯ್ತು ಮೇಡಂ. ಸರಿಯಾದ ಅರ್ಥ ಧೂಳಿಲ್ಲದವರು ಅಂತ. ನಂಗೊತ್ತು. ಆದ್ರೆ ಆಗಿದ್ದೆಲ್ಲ ಆದ್ಮೇಲೆ ಹೇಳೋಕೆ ಬಾಯಿ ಬರಲಿಲ್ಲ."

"ಅದು ಪುಸ್ತಕದ ಅರ್ಥ. ನನ್ನ ಹೆಸರಿನ ಅರ್ಥ ಅದಲ್ಲ. ಕೂತ್ಕೊಳ್ಳಿ." ಮೇಡಂ ಕುರ್ಚಿ ಕೊಡವಿ ಅವನ ಕಡೆ ತಳ್ಳಿದರು. "ನಮ್ಮಪ್ಪನೂ ನಿಮ್ಮ ಹಾಗೇ ಗುಮಾಸ್ತರು. ನಾನು ಹುಟ್ಟಿದ ದಿವಸ ಅರ್ಧ ದಿನ ರಜಾ ಕೇಳಿದ್ರಂತೆ. ಸಾಹೇಬರು ಕೊಡಲಿಲ್ಲ. ಸಂಜೆ ಓಡೋಡಿ ಮನೆಗೆ ಬರೋ ಹೊತ್ತಿಗೆ ನಾನು ಹುಟ್ಟಿ, ಅತ್ತು, ಕುಡಿದು, ಮಲಗಿ ಎಲ್ಲ ಆಗಿತ್ತು. ಏನು ಹೆಸರಿಡೋಣ ಅಂತ ಕೇಳಿದ್ರೆ ಅಪ್ಪ ಚಪ್ಪಲಿ ಬಿಚ್ಚೋ ಮೊದಲೇ ಸಿಟ್ಟಲ್ಲಿ ಹೇಳಿದ್ರಂತೆ, ರಜಾ ಇಲ್ಲ ಅಂದ್ರಲ್ಲ, ವಿರಜಾ ಅಂತಲೇ ಇಡಿ ಅಂತ. ನೆಂಟರೆಲ್ಲ, ಆಹಾ ಎಂಥಾ ಸಂಸ್ಕೃತದ ಹೆಸರು, ನಿರ್ಮಲ ಅಂತ ಅರ್ಥ, ಅಂತ ಕೊಂಡಾಡಿದ್ರು. ಅಪ್ಪ ಹೌದು ಹೌದು ಅಂತ ತಲೆ ಆಡಿಸ್ಕೊಂಡು ಕೂತಿದ್ರು. ನಿಜ ನನಗೊಬ್ಬಳಿಗೇ ಹೇಳಿದ್ದು."

ಪಂಡಿತರ ಅರ್ಥವೇ ನಿಜವಾದ ಅರ್ಥ! ಈ ವಿಷಯ ಪಂಡಿತರ ಕಿವಿಗೆ ಬೀಳದಿರಲಿ ಎಂದು ದಿಂಬಣ್ಣ ಮನಸ್ಸಿನಲ್ಲೇ ಬೇಡಿಕೊಂಡ.

"ಅದಕ್ಕೇ ನಾನು ಕೆಲಸಕ್ಕೆ ಸೇರಿದ ದಿನವೇ ಎರಡು ಶಪಥ ಮಾಡ್ಕೊಂಡೆ," ಎಂದು ಮೇಡಂ ಮುಂದುವರಿಸಿದರು. "ಹೆಸರಿಗೆ ತಕ್ಕ ಹಾಗೆ ನಾನು ರಜಾ ತಗೊಳ್ಳಲ್ಲ. ಆದ್ರೆ ಯಾರೇ ಕೇಳಿದ್ರೂ ಇಲ್ಲ ಅನ್ನಲ್ಲ. ಇವತ್ತಿನವರೆಗೂ ನಡೆಸ್ಕೊಂಡು ಬಂದಿದೀನಿ. 'ವಿ' ಅಂದ್ರೆ ವಿಶೇಷ ಅಂತಲೂ ಆಗತ್ತೆ ಅಂತ ಒಬ್ಬರೂ ಹೇಳಿರಲಿಲ್ಲ ನೋಡಿ. ಅಪ್ಪ ಇದ್ದಿದ್ರೆ ಬಿದ್ದು ಬಿದ್ದು ನಗ್ತಿದ್ರು." ಅವರ ಕಣ್ಣಲ್ಲಿ ನೀರಿತ್ತು, ಹತ್ತಿಯಿಂದ ಬಂದದ್ದಲ್ಲ. "ನಿಮಗೇನಾದ್ರೂ ಬೇಕಿತ್ತಾ?"

ದಿಂಬಣ್ಣ ಒಂದೇ ಉಸಿರಿಗೆ ಎಲ್ಲ ಹೇಳಿದ. ಪುಟ್ಟಿ, ಸಮುದ್ರ, ಮೂರು ಸೀಟು, ನಾಳೆ ಬೆಳಗ್ಗೆಯ ಬಸ್ಸು, ನಾಲ್ಕು ದಿನ.

"ಕೊಟ್ಟಿದೀನಿ," ಅಂದರು ಮೇಡಂ.

ಆ ಒಂದು ಪದ ಕೇಳಿ ದಿಂಬಣ್ಣನ ಎದೆಯ ಮೇಲಿಂದ ದೊಡ್ಡ ಭಾರ ಇಳಿಯಿತು. ಸಂತೋಷಕ್ಕೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಅವನು ಮಾಡಿದ ತಪ್ಪೆಂದರೆ ಹೊರಗೆ ಬಂದು ಆ ಸಂತೋಷವನ್ನು ಹಂಚಿಕೊಂಡದ್ದು. "ಯಾರು ಕೇಳಿದ್ರೂ ಇಲ್ಲ ಅನ್ನಲ್ವಂತೆ," ಎಂದು ಅವನು ಪೂರ್ತಿ ಹೇಳಿ ಮುಗಿಸುವ ಮೊದಲೇ ಪಂಡಿತರ ಮಂಡಿನೋವು ಉಲ್ಬಣಿಸಿತು. ಸ್ಟೋರ್‌ಕೀಪರನ ಬಾವಮೈದುನ ಹೊಸ ಮನೆ ಕಟ್ಟತೊಡಗಿದ. ಟೈಪಿಸ್ಟಕ್ಕ ಕಾರಣ ಹುಡುಕುವ ಗೋಜಿಗೂ ಹೋಗದೆ, "ನಿದ್ದೆ ಮಾಡ್ಬೇಕು ಮೇಡಂ," ಎಂದು ನೇರವಾಗಿ ಕೇಳಿ ತೆಗೆದುಕೊಂಡಳು. ಒಬ್ಬೊಬ್ಬರಾಗಿ ಒಳಗೆ ಹೋದರು, ಮುಖ ಅರಳಿಸಿಕೊಂಡು ಹೊರಗೆ ಬಂದರು. ದಿಂಬಣ್ಣ ಎಲ್ಲರಿಗೂ ಕೈಕುಲುಕಿ ಶುಭ ಕೋರಿದ.

ಆಫೀಸು ಮುಚ್ಚುವ ಹೊತ್ತಿಗೆ ಮೇಡಂ ಅವನನ್ನು ಮತ್ತೆ ಕರೆದರು. ಮುಖದ ಮೇಲಿನ ವಯಸ್ಸು ಹತ್ತು ವರ್ಷ ಇಳಿದಿತ್ತು.

"ಒಂದು ವಿಷಯ. ನೀವು ಹೇಳಿದ ಅರ್ಥ ತಲೆಯಿಂದ ಹೋಗ್ತಾನೇ ಇಲ್ಲ. ಇಷ್ಟು ವರ್ಷ ಒಂದು 'ವಿ' ಮಾತು ಕೇಳಿದೀನಿ, ಇನ್ನು ಇನ್ನೊಂದರ ಮಾತು ಕೇಳೋಣ ಅಂತ. ಮೇಲಿನವರ ಹತ್ತಿರ ಮಾತಾಡಿದೆ. ನನ್ನ ಮೊದಲ ರಜಾ. ನಾಳೆಯಿಂದಲೇ, ನಾಲ್ಕು ದಿನ."

"ತುಂಬಾ ಸಂತೋಷ ಮೇಡಂ," ಎಂದ ದಿಂಬಣ್ಣ. ಮನಸಾರೆ ಹೇಳಿದ.

"ಆದ್ರೆ ನಾಡಿದ್ದು ಹಾಸ್ಟೆಲಿನ ಹಾಸಿಗೆ ಲೋಡ್ ಹೋಗ್ಬೇಕು. ಉಳಿದವರಿಗೆಲ್ಲ ರಜಾ ಕೊಟ್ಟಾಗಿದೆ. ಯಾರಾದ್ರೂ ಒಬ್ಬರು ಬೇಕಲ್ಲ."

"ನನಗೂ ಕೊಟ್ಟಿದೀರಲ್ಲ ಮೇಡಂ," ಎಂದ ದಿಂಬಣ್ಣ, ದನಿ ಸಣ್ಣದಾಗಿ.

"ಕೊಟ್ಟಿದೀನಿ. ಕೊಟ್ಟ ರಜಾ ವಾಪಸ್ ತಗೊಂಡ್ರೆ ನಮ್ಮಪ್ಪ ನನ್ನನ್ನ ಕ್ಷಮಿಸಲ್ಲ. ರಜಾ ನಿಮ್ದೇ, ನಾಲ್ಕು ದಿನವೂ ನಿಮ್ದೇ. ಆಫೀಸಿಗೆ ಮಾತ್ರ ಬಂದು ಹೋಗಿ."

ಮೇಡಂ ಕಿಟಕಿಯ ಕಡೆ ನೋಡುತ್ತ ತಮ್ಮಷ್ಟಕ್ಕೇ ಹೇಳಿಕೊಳ್ಳುವಂತೆ, "ನಂಗೂ ಚಿಕ್ಕಂದಿನಿಂದ ಸಮುದ್ರ ನೋಡೋ ಆಸೆ. ಈಗ ಹೊರಟ್ರೆ ಬಸ್ಸಲ್ಲಿ ಸೀಟು ಎಲ್ಲಿ ಸಿಗತ್ತೋ ಏನೋ," ಅಂದರು.

ಆಗ ದಿಂಬಣ್ಣ ಒಂದು ಪರಿಚಯದ ದನಿಯನ್ನು ಕೇಳಿದ. ಜೀವಮಾನವಿಡೀ ಪಕ್ಕದ ಮೇಜಿನವರಿಗೆ ಹೂಂ ಎಂದು ಬಂದಿದ್ದ ದನಿ ಅದು. ಬೇಡ, ಸುಮ್ಮನಿರು ಎಂದು ಒಳಗೊಳಗೇ ಅದನ್ನು ಗದರಿದ. ಕೇಳಬೇಕಲ್ಲ.

"ಮೂರರಲ್ಲಿ ಒಂದು ಸೀಟು ಖಾಲಿ ಇದೆ ಮೇಡಂ," ಎಂದಿತು ಅವನ ಬಾಯಿ.

ಮನೆಯಲ್ಲಿ ಬಿರುಗಾಳಿ ಏಳುತ್ತದೆಂದು ಹೆದರಿ ಅವನು ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತೇ ಇದ್ದ. ಅಷ್ಟರೊಳಗೆ ಮೇಡಂ ಅವನ ಹೆಂಡತಿಗೆ ಫೋನ್ ಮಾಡಿ, ಹೆಸರಿನ ಕತೆಯೆಲ್ಲ ಹೇಳಿ, ಇಬ್ಬರೂ ಅತ್ತು ನಕ್ಕು ಮುಗಿದಿತ್ತು.

"ಎಂಥಾ ಒಳ್ಳೆ ಹೆಂಗಸು ಕಣ್ರೀ," ಎಂದಳು ಹೆಂಡತಿ, ಚೀಲದಿಂದ ಅವನ ಅಂಗಿಗಳನ್ನು ಒಂದೊಂದಾಗಿ ಹೊರಗೆ ತೆಗೆಯುತ್ತ. "ನೀವು ಬರಲ್ಲ ಅಂತ ಬೇಜಾರಿದೆ. ಸುಳ್ಳು ಹೇಳಲ್ಲ. ಆದ್ರೆ ನೀವು ಬಂದಿದ್ರೂ ಬಸ್ಸು ಹತ್ತಿದವರು ಇಳಿಯೋವರೆಗೂ ಗೊರಕೆ ಹೊಡೀತಿದ್ರಿ. ಅವರಾದ್ರೆ ಮಾತಿಗಾದ್ರೂ ಆಗ್ತಾರೆ. ಪುಟ್ಟಿ ಸಮುದ್ರ ನೋಡ್ತಾಳಲ್ಲ, ಅಷ್ಟು ಸಾಕು ನಂಗೆ."

ಅಷ್ಟು ಸಾಕು ಎಂದು ದಿಂಬಣ್ಣನಿಗೂ ಅನ್ನಿಸಿತು. ಬೆಳಗ್ಗೆ ಬಸ್ ನಿಲ್ದಾಣದಲ್ಲಿ ಪುಟ್ಟಿ ಕಿಟಕಿಯಿಂದ ಅರ್ಧ ಹೊರಗೆ ಬಾಗಿ ಕೈ ಬೀಸುವಾಗ, ಅವಳ ಮುಖ ನೋಡಿ ಅವನಿಗೆ ನಿಜಕ್ಕೂ ಖುಷಿಯಾಯಿತು. ಪಕ್ಕದಲ್ಲಿ ಮೇಡಂ ಅವಳಿಗಿಂತ ಹೆಚ್ಚು ಹುರುಪಿನಿಂದ ಕೈ ಬೀಸುತ್ತಿದ್ದರು.

ಅಲ್ಲಿಂದ ನೇರ ಆಫೀಸಿಗೆ ಬಂದು ಬಾಗಿಲು ತೆರೆದ. ಒಂದು ನರಪಿಳ್ಳೆಯೂ ಇರಲಿಲ್ಲ. ಅಷ್ಟೂ ಮೇಜುಗಳ ಕೆಲಸ ಅವನೊಬ್ಬನ ಮೇಜಿನ ಮೇಲೆ ಬೆಟ್ಟವಾಗಿ ಕೂತಿತ್ತು. ಗೋಡೆಯಾಚೆ ಯಂತ್ರ ಶುರುವಾಯಿತು; ಹತ್ತಿ ತೇಲಿ ಬಂದು ಅವನ ಹೆಗಲ ಮೇಲೆ ಇಳಿಯತೊಡಗಿತು. ಮಧ್ಯಾಹ್ನ ಫೋನ್ ಬಂತು. ಎತ್ತಿದರೆ ಮೊದಲು ಅಲೆಯ ಭೋರ್ಗರೆತ, ಆಮೇಲೆ ಮೇಡಂ ಮತ್ತು ಹೆಂಡತಿ ಕೇಕೆ ಹಾಕಿ ನಗುವ ಸದ್ದು, ಅದರ ಮೇಲೆ ಪುಟ್ಟಿಯ ದನಿ.

"ಅಪ್ಪಾ, ಕೇಳಿಸ್ತಾ? ಅದು ಸಮುದ್ರ. ತುಂಬಾ ದೊಡ್ಡದಿದೆ. ಅಪ್ಪಾ, ನಿಂಗೆ ಯಾವಾಗ ರಜಾ?"

ದಿಂಬಣ್ಣ ಮೂಗಿನ ಮೇಲಿನ ಹತ್ತಿ ಒರೆಸಿಕೊಂಡ. ಒಮ್ಮೆ ಸೀನಿದ.

"ನಾನೀಗ ರಜಾದಲ್ಲೇ ಇದೀನಿ ಪುಟ್ಟಿ," ಎಂದ.